ಕಪ್ಪೆ ಕೂಗಿದ ಸಂಜೆಗಳು

ಜೊಂಡಿನ ಆಚೆ ಅಣ್ಣ ಬೆಲ್ಟ್ ಬಿಗಿ ಮಾಡಿ ಪಂಪನ್ನು ಮತ್ತೆ ಚಾಲೂ ಮಾಡಿದ. ಇಷ್ಟು ಹೊತ್ತೂ ಕೂಗುತ್ತಿದ್ದ ಕಪ್ಪೆ ಮಾತ್ರ ಮತ್ತೆ ಬಾಯಿ ಬಿಡಲಿಲ್ಲ.

ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದ ತಂಗಿ ತಟ್ಟನೆ ಎದ್ದಳು. ಪಂಪಿನ ಮನೆಗೆ ಓಡಿದಳು. "ಅಣ್ಣ, ಬೆಲ್ಟ್ ಸ್ವಲ್ಪ ಸಡಿಲ ಮಾಡು." ಮಾಡಿದ. ಕ್ರೀಂಕ್, ಕ್ರೀಂಕ್. ಬಿಗಿ ಮಾಡಿದ. ಸದ್ದಿಲ್ಲ.

"ಎರಡು ವರ್ಷದಿಂದ ನೀನು ಎಣಿಸ್ತಿದ್ದಿದ್ದು ನನ್ನ ಪಂಪನ್ನಾ?" ಎಂದು ನಗಲು ಶುರುಮಾಡಿದವನು ಅವಳ ಮುಖ ನೋಡಿ ನಿಲ್ಲಿಸಿದ.

ಕಡಲಿನ ಉಪ್ಪು ನುಗ್ಗಿ ಸತ್ತುಹೋಗಿದ್ದ ಆ ಜೌಗನ್ನು ಕಟ್ಟೆ ಹಾಕಿ, ಮಳೆನೀರು ನಿಲ್ಲಿಸಿ, ಜೊಂಡು ನೆಟ್ಟು, ಆರು ವರ್ಷದಲ್ಲಿ ಸಿಹಿ ಮಾಡಿದವರಲ್ಲಿ ಅವಳೂ ಒಬ್ಬಳು. ಸಿಹಿನೀರಿನಲ್ಲಷ್ಟೇ ಬದುಕುವ ಒಂದು ಕಪ್ಪೆ ಮರಳಿ ಬಂತೇ ಎಂದು ನೋಡುವುದು ಈಗಿನ ಕೆಲಸ. ನೋಡುವುದೆಂದರೆ ಕೇಳುವುದು, ಆ ಕಪ್ಪೆ ಕಣ್ಣಿಗೆ ಬೀಳುವ ಜಾತಿಯಲ್ಲ. ಮುಸ್ಸಂಜೆ ಅರ್ಧ ಗಂಟೆ ಕೂರಬೇಕು, ಕೂಗಿದರೆ ಪುಸ್ತಕದಲ್ಲಿ ಒಂದು ಗೀಟು. ಈ ಕೆಲಸ ಒಪ್ಪಿಸಿದ ಕಛೇರಿಯವರು ಗುರುತಿಗೆಂದು ಫೋನಿಗೆ ಹಾಕಿಕೊಟ್ಟಿದ್ದ ಕೂಗೂ ಥೇಟ್ ಹೀಗೇ ಇತ್ತು. ಊರೆಲ್ಲ ಅವಳನ್ನು ಕಪ್ಪೆಯಕ್ಕ ಎನ್ನುತ್ತಿತ್ತು. ಜೌಗಿನ ಗತಿ ತೀರ್ಮಾನಿಸುವ ಸಮಿತಿಯವರು ನಾಳೆ ಪುಸ್ತಕ ನೋಡಲು, ಕೂಗು ಕೇಳಲು ಬರುತ್ತಾರೆ. ಕಪ್ಪೆ ಇದ್ದರೆ ಕಟ್ಟೆ ಉಳಿಯುತ್ತದೆ. ಇಲ್ಲದಿದ್ದರೆ ಕಟ್ಟೆ ಒಡೆದು, ಉಪ್ಪುನೀರು ಬಿಟ್ಟು ಸಿಗಡಿ ಹೊಂಡ ಮಾಡಲು ತುದಿಗಾಲಲ್ಲಿ ನಿಂತವರಿದ್ದಾರೆ.

"ನಾಳೆ ಒಂದಿನ ಸಡಿಲಾನೇ ಇರ್ಲಿ ಬಿಡು," ಎಂದ ಅಣ್ಣ. "ಅವರ್ಯಾರೂ ಈ ಕಡೆ ಬರಲ್ಲ."

ಅವಳು ಕೂತಳು, ಎದ್ದಳು, ಮತ್ತೆ ಕೂತಳು. ಹೂಂ ಎನ್ನಬೇಕೆನಿಸಿತು, ಹಾಗನಿಸಿದ್ದಕ್ಕೇ ಸಿಟ್ಟೂ ಬಂತು. "ನಿನ್ನ ಸರದಿ ಪುಸ್ತಕ ಕೊಡು," ಎಂದಳು.

ಯಾವ ದಿನ ಯಾವ ಗದ್ದೆಗೆ ನೀರು ಬಿಟ್ಟೆ ಎಂದು ಅವನು ಬರೆದಿಡುವ ಪುಸ್ತಕ ಅದು. ಹೊಸ್ತಿಲ ಮೇಲೆ ಕೂತು ಅವನು ಪಂಪು ಓಡಿದ ದಿನಗಳನ್ನು ಓದುತ್ತ ಹೋದ, ಅವಳು ತನ್ನ ಗೀಟುಗಳನ್ನು ಹೊಡೆದುಹಾಕುತ್ತ ಹೋದಳು.

"ಇದರ ಬದಲು ತಕ್ಕಡೀಲಿ ಕಪ್ಪೆ ತೂಗಬಹುದಿತ್ತು ಕಣೇ," ಎಂದ. ಅವಳು ನಗಲಿಲ್ಲ. ಎರಡು ವರ್ಷದ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿದುಹೋಯಿತು.

"ಒಂದು ಗೀಟು ಉಳೀತು ನೋಡು," ಎಂದಳು. "ಕಳೆದ ತಿಂಗಳು ಹದಿನಾಲ್ಕು. ಅವತ್ತು ಓಡಿಸಿದ್ದು ಬರೆಯೋಕೆ ಮರೆತ್ಯಾ?"

ಅವನು ಹಾಳೆ ಹಿಂದೆ ಮುಂದೆ ಮಾಡಿದ. "ಇಲ್ಲ. ಮೋಟರ್ ಸುಟ್ಟುಹೋಗಿತ್ತು. ನಾಲ್ಕು ದಿನ ರಿಪೇರಿ ಅಂಗಡೀಲಿತ್ತು."

ಆ ನಾಲ್ಕರಲ್ಲಿ ಮೂರು ದಿನ ಗೀಟಿರಲಿಲ್ಲ. ಹದಿನಾಲ್ಕಕ್ಕೆ ಮಾತ್ರ ಇತ್ತು. ಅವಳು ಕಣ್ಣು ಮುಚ್ಚಿ ಆ ಸಂಜೆಯನ್ನು ಹುಡುಕಿದಳು. ಸಿಕ್ಕಿದ್ದು ಸೊಳ್ಳೆ, ಮಗಳ ಜ್ವರ, ಮನೆಗೆ ಓಡಿದ ಅವಸರ. ಕೇಳಿಸಿಕೊಂಡು ಗೀಟು ಹಾಕಿದ್ದಳೋ, ಓಡುವ ಭರದಲ್ಲಿ ರೂಢಿಯ ಮೇಲೆ ಹಾಕಿದ್ದಳೋ, ಆಣೆ ಮಾಡಿ ಹೇಳಲು ಅವಳಿಂದಾಗಲಿಲ್ಲ.

"ಪಂಪ್ ಆಫ್ ಮಾಡಣ್ಣ."

"ಕೆಳಗಿನ ಗದ್ದೆ ಅರ್ಧಾನೇ ಆಗಿರೋದು."

"ಇರ್ಲಿ, ಆಫ್ ಮಾಡು."

ಪಂಪು ನಿಂತಿತು. ಅವಳು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಕಟ್ಟೆಯ ಮೇಲೆ ಸದ್ದಾಗದಂತೆ ಜೊಂಡಿನ ಕಡೆಗೆ ನಡೆದಳು. ಬಾಗಿಲಲ್ಲಿ ನಿಂತ ಅಣ್ಣ, ಬಂದ ಕೆಮ್ಮನ್ನು ಅಂಗೈಯಲ್ಲಿ ಅದುಮಿಕೊಂಡ.