ಕಾಲ್ಚೀಲದ ಮೂರು ಸಾಲು

ನಾನು ಒಮ್ಮೆಯೂ ಗಡಿ ದಾಟಿದವನಲ್ಲ. ಆದರೂ ಬೆನ್ನಿಗೆ ಚೀಲ ಏರಿಸಿ ಪರದೇಶ ಸುತ್ತುವ ಹುಡುಗ ಹುಡುಗಿಯರಿಗೆ ಬುದ್ಧಿ ಹೇಳುವ ಕೈಪಿಡಿಯನ್ನು ಹದಿನಾಲ್ಕು ವರ್ಷದಿಂದ ತಿದ್ದುತ್ತಿರುವವನು ನಾನೇ. ನಗಬೇಡಿ. ಹೋಗಿಬಂದವರು ಪತ್ರ ಬರೆಯುತ್ತಾರೆ, ನಾನು ಓದಿ ಪುಟಕ್ಕೆ ಸೇರಿಸುತ್ತೇನೆ. ಎಲ್ಲಿಯ ನಲ್ಲಿ ನೀರು ಕುಡಿಯಬಾರದು, ಯಾವ ಬಸ್ಸಿನಲ್ಲಿ ಎಡಗಡೆ ಕೂತರೆ ಬಿಸಿಲು ಬೀಳುವುದಿಲ್ಲ, ಎಲ್ಲ ನನಗೆ ಬಾಯಿಪಾಠ.

ಅಕ್ಕನ ಮಗಳು ಗುಬ್ಬಿ ಒಬ್ಬಳೇ ಹೊರಟಾಗ ಅಕ್ಕ ಒಂದು ಹನಿ ಕಣ್ಣೀರು ಹಾಕಲಿಲ್ಲ. "ನಿನ್ನ ಪುಸ್ತಕ ಜೊತೇಲಿದೆಯಲ್ಲ, ನಂಗ್ಯಾವ ಚಿಂತೆ ಕಣೋ," ಅಂದಳು. ಸುಳ್ಳೇಕೆ ಹೇಳಲಿ, ಉಬ್ಬಿಹೋದೆ.

ಹನ್ನೊಂದನೆಯ ದಿನ ಮಧ್ಯಾಹ್ನ ಕಚೇರಿಯಲ್ಲಿ ಕರಡು ತಿದ್ದುತ್ತಿದ್ದಾಗ ಅವಳ ಫೋನ್ ಬಂತು.

"ಮಾಮ, ತಪಾಸಣೆ ಠಾಣೇಲಿ ನನ್ನ ಬಸ್ಸಿಂದ ಇಳಿಸಿಬಿಟ್ರು. ಪಾಸ್‌ಪೋರ್ಟ್ ತೋರಿಸು ಅಂತಿದಾರೆ."

"ತೋರಿಸೇ ಮತ್ತೆ!"

"ಅದು ಹಿಂದಿನ ಊರಲ್ಲಿದೆ, ವಸತಿಗೃಹದ ಬೀರೂಲಿ. ನೀನೇ ಬರೆದಿದ್ದೀಯಲ್ಲ, ನಲವತ್ತೊಂದನೇ ಪುಟ? ಅಸಲಿ ಬೀರೂಲಿಟ್ಟು ನಕಲು ಮಾತ್ರ ಒಯ್ಯಿರಿ ಅಂತ. ನಕಲು ನೋಡಿ ಹರಿದು ಬಿಸಾಕಿದ್ರು ಮಾಮ."

ಮೇಜಿನ ಪಕ್ಕದ ಮೊಳೆಯಲ್ಲಿ ಚುಚ್ಚಿದ್ದ ಪತ್ರಗಳನ್ನು ಕಿತ್ತು ಹುಡುಕಿದೆ. ಸಿಕ್ಕಿತು. ಎಂಟು ತಿಂಗಳ ಹಿಂದೆ ಯಾರೋ ಓದುಗ ಬರೆದಿದ್ದ: ಆ ದೇಶದಲ್ಲಿ ಕಾನೂನು ಬದಲಾಗಿದೆ, ನಕಲು ನಡೆಯುವುದಿಲ್ಲ, ನನ್ನನ್ನು ಮೂರು ದಿನ ಕೂಡಿಹಾಕಿದ್ದರು, ದಯವಿಟ್ಟು ನಲವತ್ತೊಂದನೆಯ ಪುಟ ತಿದ್ದಿ.

ತಿದ್ದಲು ಕೂತಿದ್ದೆ, ದೇವರಾಣೆಗೂ. ಆದರೆ ಎರಡು ಸಾಲು ಹೆಚ್ಚಾಗುತ್ತಿತ್ತು. ಅವು ಮುಂದಿನ ಪುಟಕ್ಕೆ ಬಿದ್ದರೆ ಆ ಪುಟದ್ದು ಅದರ ಮುಂದಿನದಕ್ಕೆ, ಹೀಗೆ ಕೊನೆಯವರೆಗೂ ನೂಕಾಟ. ಅಚ್ಚಿನವನು ಆಗಲೇ ಬಾಗಿಲಲ್ಲಿ ನಿಂತು ಗೊಣಗುತ್ತಿದ್ದ. ಪತ್ರದ ಮೇಲೆ 'ಮುಂದಿನ ಆವೃತ್ತಿಗೆ' ಎಂದು ಗೀಚಿ ಮೊಳೆಗೆ ಚುಚ್ಚಿದೆ. ಓದುಗನಿಗೆ ಧನ್ಯವಾದದ ಕಾರ್ಡು ಹಾಕಿದೆ. ಅದೇ ಪುಟದಲ್ಲಿ ಒದ್ದೆ ಕಾಲ್ಚೀಲ ಒಣಗಿಸುವ ಬಗೆ ಎಂದು ಮೂರು ಸಾಲಿತ್ತು. ತೆಗೆದಿದ್ದರೆ ಜಾಗ ಆಗುತ್ತಿತ್ತು. ಇಡೀ ಪುಸ್ತಕದಲ್ಲಿ ಯಾರ ಪತ್ರದಿಂದಲೂ ಎತ್ತದ ನನ್ನ ಸ್ವಂತ ಸಾಲುಗಳು ಅವು ಮಾತ್ರ. ಮನಸ್ಸು ಬರಲಿಲ್ಲ. ಥೂ ನನ್ನ ಜನ್ಮಕ್ಕಿಷ್ಟು!

"ಇರು ಪುಟ್ಟಿ, ವಸತಿಗೃಹಕ್ಕೆ ಫೋನ್ ಮಾಡ್ತೀನಿ," ಎಂದು ಕಚೇರಿಯ ಫೋನಿನಲ್ಲಿ, ಆ ಊರಿಗೆಂದು ಪುಸ್ತಕದಲ್ಲಿ ಕೊಟ್ಟಿದ್ದ ವಸತಿಗೃಹದ ನಂಬರು ಒತ್ತಿದೆ. ಆ ನಂಬರು ಚಾಲ್ತಿಯಲ್ಲಿಲ್ಲ ಎಂದು ಹೆಂಗಸೊಬ್ಬಳ ದನಿ ಹೇಳಿತು. ಮತ್ತೆ ಒತ್ತಿದೆ. ಮತ್ತೆ ಅದೇ ದನಿ.

"ನಮ್ಮ ದೂತಾವಾಸಕ್ಕಾದ್ರೂ..."

"ಸೋಮವಾರದವರೆಗೆ ರಜಾ ಮಾಮ. ರಜಾದ ಪಟ್ಟೀನೂ ಪುಸ್ತಕದಲ್ಲಿದೆ."

"ಅವರಿಗೆ ಸಮಾಧಾನವಾಗಿ ಬಿಡಿಸಿ ಹೇಳು."

"ಯಾವ ಭಾಷೇಲಿ ಹೇಳ್ಲಿ? ಕೊನೇ ಪುಟದಲ್ಲಿ ನೀನು ಕೊಟ್ಟಿರೋ ಮಾತೆಲ್ಲ ಓದಿದೆ. 'ಈ ಕೋಣೆಗೆ ಕಿಟಕಿ ಇದೆಯೇ' ಅನ್ನೋದೊಂದು ಅರ್ಥ ಆಯ್ತು ಅವರಿಗೆ. ನಕ್ಕರು."

ಹಿಂದೆ ಯಾರೋ ಗದರಿದರು. ಕಬ್ಬಿಣದ ಬಾಗಿಲು ಎಳೆದ ಸದ್ದು ಕೇಳಿಸಿತು.

"ಅಮ್ಮಂಗೆ ಹೇಳಿದ್ಯೇನೇ?"

"ಇಲ್ಲ. ಒಂದೇ ಫೋನ್ ಅಂತ ಬೆರಳು ತೋರಿಸಿದ್ರು. ಕಷ್ಟದಲ್ಲಿ ಅಳುವವರಿಗೆ ಫೋನ್ ಮಾಡಬೇಡಿ, ತಿಳಿದವರಿಗೆ ಮಾಡಿ ಅಂತ ಬರೆದಿದ್ದೀಯಲ್ಲ, ಅದಕ್ಕೇ ನಿಂಗೇ ಮಾಡ್ದೆ. ಬೇಗ ಹೇಳು ಮಾಮ, ಕಿತ್ಕೋತಿದಾರೆ. ಈಗ ನಾನೇನ್ ಮಾಡ್ಲಿ?"

ಹದಿನಾಲ್ಕು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವನು ನನ್ನದೇ ಪುಸ್ತಕದ ಪುಟ ಮಗುಚತೊಡಗಿದೆ. "ಅಳಬೇಡ ಕಂದ," ಅಂದೆ. ಅವಳು ಅಳುತ್ತಿರಲಿಲ್ಲ, ಅಳುತ್ತಿದ್ದವನು ನಾನು. ಅದು ಅವಳಿಗೂ ಗೊತ್ತಾಯಿತು.

"ಮಾಮ?" ಅಂದಳು. ಲೈನು ಹೋಯಿತು.

ತಿರುಗಿ ಮಾಡಿದೆ. ಸ್ವಿಚ್ ಆಫ್. ನಾಲ್ಕನೆಯ ಸಲ ಮಾಡುವಷ್ಟರಲ್ಲಿ ನನ್ನ ಫೋನೇ ಹೊಡೆದುಕೊಂಡಿತು. ಅಕ್ಕ.

"ಬೆಳಗ್ಗಿಂದ ಗುಬ್ಬಿ ಫೋನೇ ಎತ್ತಿಲ್ಲ ಕಣೋ," ಅಂದಳು. "ಎಲ್ಲೋ ಗುಡ್ಡ ಹತ್ತುತಿರ್ತಾಳೆ ಬಿಡು. ನಿನ್ನ ಪುಸ್ತಕ ಇದೆಯಲ್ಲ ಜೊತೆಗೆ. ಅಲ್ವೇನೋ?"

ಓದುಗನ ಪತ್ರ ಇನ್ನೂ ನನ್ನ ಕೈಯಲ್ಲೇ ಇತ್ತು.

"ಹೂಂ ಅಕ್ಕ," ಅಂದೆ.