ಚಿತ್ರದ ಹಿಂದಿನ ಗೋಡೆ

ಚಿತ್ರವನ್ನು ಕೊಕ್ಕೆಗೆ ತಗುಲಿಸುವ ತನಕ ಗೋಡೆ ಬೂದು ಬಣ್ಣದ್ದೇ ಆಗಿತ್ತು. ಕೈಗವಸು ತೊಟ್ಟ ಇಬ್ಬರು ಅದನ್ನು ಹಸುಗೂಸಿನ ಹಾಗೆ ಎತ್ತಿ ಕೂರಿಸಿ, ಹಿಂದಕ್ಕೆ ಸರಿದು ನಿಂತರು. ಅಷ್ಟೇ. ಗೋಡೆ ಗುಲಾಬಿಗೆ ತಿರುಗಿಬಿಟ್ಟಿತು.

ಮೇಸ್ತ್ರಿ ಕಣ್ಣು ಉಜ್ಜಿಕೊಂಡ. ನಿನ್ನೆ ಸಂಜೆ ತಾನೇ ನಿಂತು ಎರಡನೇ ಕೋಟು ಮುಗಿಸಿದ ಗೋಡೆ. ಪಕ್ಕದಲ್ಲಿ ಏಣಿ ಬಾಯಿ ತೆರೆದುಕೊಂಡು ನಿಂತಿದ್ದ. ಏಣಿ ಅಂದರೆ ಮೇಸ್ತ್ರಿಯ ಹೆಂಡತಿಯ ತಮ್ಮ. ಕಾಲ ಕೆಳಗೆ ಒಂದು ಖಾಲಿ ಡಬ್ಬ ಬೋರಲು ಹಾಕಿಕೊಂಡರೆ ಸಾಕು, ಕೈ ಸೂರಿಗೆ ಮುಟ್ಟುವಷ್ಟು ಉದ್ದದ ಆಳು. ಅವನ ಸ್ವಂತ ಹೆಸರು ಕೆಲಸದ ಜಾಗದಲ್ಲಿ ಯಾರಿಗೂ ನೆನಪಿರಲಿಲ್ಲ.

"ಗೋಡೆಗೆ ನಾಚಿಕೆ ಆಗಿಬಿಡ್ತು ನೋಡಿ ಭಾವ," ಅಂದ ಏಣಿ.

"ಮುಚ್ಚೋ ಬಾಯಿ."

ಚಿತ್ರಶಾಲೆಯ ಉಸ್ತುವಾರಿ ನೋಡುವ ಮೇಡಂ ನಗಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಮೇಸ್ತ್ರಿ, ನಾನು ಆರಿಸಿಕೊಟ್ಟ ಬಣ್ಣ ಇದಲ್ಲವಲ್ಲ?"

ಮೇಸ್ತ್ರಿ ಜೇಬಿನಿಂದ ಬಣ್ಣದ ಕಾರ್ಡು ತೆಗೆದು ಗೋಡೆಗೆ ಒತ್ತಿ ಹಿಡಿದ. ಕಾರ್ಡಿನ ಅಂಚು ಗೋಡೆಯೊಳಗೆ ಕರಗಿಹೋಯಿತು. ಮೇಡಂ ಬಗ್ಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. "ಸರಿಯಾಗೇ ಇದೆ," ಅಂದರು. ಹಿಂದೆ ಸರಿದರು. "ಸರಿಯಿಲ್ಲ," ಅಂದರು.

ಚಿತ್ರವನ್ನು ಇಳಿಸಲು ಹೇಳಿದರು. ಗೋಡೆ ಬೂದು. ಏರಿಸಿದರು. ಗುಲಾಬಿ. ಮತ್ತೆ ಇಳಿಸಿ ಅಂದಾಗ ಕೈಗವಸಿನವರಲ್ಲಿ ಒಬ್ಬ ಮುಖ ಗಂಟಿಕ್ಕಿಕೊಂಡ. "ಮೇಡಂ, ಇದು ನಾಲ್ಕು ದೇಶ ದಾಟಿ ಬಂದಿರೋ ಚಿತ್ರ. ಗೋಡೆ ಗಡಿಯಾರ ಅಲ್ಲ."

ಮೇಡಂ ತಮ್ಮ ಕೋಣೆಯ ಕಡೆ ಸರಸರ ನಡೆದರು. ಕೈಗವಸಿನವರು ಚಿತ್ರವನ್ನು ಅಲ್ಲೇ ಬಿಟ್ಟು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಾವಲು ಕೂತರು.

ಬೇರೆ ಯಾವಾಗಲಾದರೂ ಆಗಿದ್ದರೆ ಮೇಸ್ತ್ರಿ ಇಂಥದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ನಲವತ್ತು ವರ್ಷ ಅವನ ಕಣ್ಣು ಮಾತಿಗೆ ತಪ್ಪಿರಲಿಲ್ಲ. ಬಟ್ಟೆಯ ಚೂರು ತೋರಿಸಿ, ಎಲೆ ತೋರಿಸಿ, ಅದೇ ಬಣ್ಣ ಬಕೆಟ್ಟಿನಲ್ಲಿ ಎದ್ದು ಬರುತ್ತಿತ್ತು. ಮೇಸ್ತ್ರಿ ಒಂದು ಹೇಳಿ ಕಾರ್ಡು ಇನ್ನೊಂದು ಹೇಳಿದರೆ ಕಾರ್ಡನ್ನೇ ತಿದ್ದಬೇಕು ಎಂದು ಬಣ್ಣದಂಗಡಿಯವರು ನಗುತ್ತಿದ್ದರು. ಆದರೆ ಎರಡು ತಿಂಗಳ ಹಿಂದೆ ಎಡಗಣ್ಣಿನ ಪೊರೆ ತೆಗೆಸಿದ್ದ. ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ ಹೆಂಡತಿಯನ್ನು "ಬಿಳೀ ಪರದೆ ಯಾವಾಗ ತಂದೆ?" ಎಂದು ಕೇಳಿದ. "ಮಗಳ ಮದುವೆಗೆ ಮುಂಚಿಂದ ಅದೇ ಪರದೆ ಅಲ್ಲೇ ಇದೆ. ಕಣ್ಣಿನ ಜೊತೆ ತಲೇನೂ ಕೊಯ್ದು ಕಳಿಸಿದ್ರಾ?" ಅಂದಳು ಆಕೆ. ಅವನು ಎಡಗಣ್ಣು ಮುಚ್ಚಿ ನೋಡಿದ. ಪರದೆ ಹಳದಿ. ಬಲಗಣ್ಣು ಮುಚ್ಚಿದ. ನೀಲಿ ಹಾಕಿ ಒಗೆದಂಥ ಬಿಳುಪು. ಎರಡೂ ತೆರೆದರೆ ಎರಡೂ ಅಲ್ಲದ್ದು ಇನ್ನೇನೋ. ಅವತ್ತಿನಿಂದ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಬಣ್ಣದ ಮೇಸ್ತ್ರಿಯ ಕಣ್ಣು ಕೆಟ್ಟಿತು ಅಂತ ಒಬ್ಬರ ಕಿವಿಗೆ ಬಿದ್ದರೂ ಸಾಕು, ಆಮೇಲೆ ಅವನಿಗೆ ಉಳಿಯುವುದು ಬ್ರಷ್ಷು ತೊಳೆಯುವ ಕೆಲಸ.

ಏಣಿಯನ್ನು ಡಬ್ಬಗಳ ಬಳಿಗೆ ಅಟ್ಟಿ ಅವನೊಬ್ಬನೇ ಚಿತ್ರದ ಮುಂದೆ ಹೋಗಿ ನಿಂತ. ಲೋಕವೆಲ್ಲ ಕೊಂಡಾಡುವ ಚಿತ್ರವಂತೆ. ನಾಡಿದ್ದು ಇದನ್ನು ನೋಡಲು ಜನ ಬೀದಿಯ ತನಕ ಸಾಲು ನಿಲ್ಲುತ್ತಾರಂತೆ. ರಾಜರಾಣಿಯರು, ಕುದುರೆಗಳು ಇರಬಹುದು ಅಂದುಕೊಂಡಿದ್ದ. ಇದ್ದದ್ದು ಒಂದು ಗೋಡೆ. ಸುಣ್ಣದ ಗೋಡೆ, ಬಲ ಮೂಲೆಯಲ್ಲಿ ಮುಚ್ಚಿದ ಬಾಗಿಲು, ಒಂದು ನರಪಿಳ್ಳೆಯೂ ಇಲ್ಲ.

ಗೋಡೆ ಅಂದಮೇಲೆ ಅವನು ನೋಡದೆ ಇರುವುದುಂಟೆ? ಬುಡದಿಂದ ತೇವ ಏರಿದೆ. ಬಾಗಿಲ ಪಕ್ಕ ಹಳೆಯ ಪದರ ಕೆರೆಯದೆ ಮೇಲೆ ಸುಣ್ಣ ಹೊಡೆದಿದ್ದಾರೆ, ಸೋಂಬೇರಿ ಕೆಲಸ. ಇನ್ನೊಂದು ಚಳಿಗಾಲಕ್ಕೆ ಹಕ್ಕಳೆ ಎದ್ದು ಬರುತ್ತದೆ. ಆ ಹಕ್ಕಳೆ ಎಲ್ಲಿಂದ ಬಿಡಬಹುದು ಎಂದು ಎರಡು ಹೆಜ್ಜೆ ಹತ್ತಿರ ಹೋದ. ಗೋಡೆ ಮಾಯ. ಬರೀ ಗೀರು, ಮೆತ್ತಿದ ಮುದ್ದೆ, ಬೆರಳಿನಿಂದ ಸವರಿದ್ದು. ಹಿಂದೆ ಬಂದ. ತೇವ ಮತ್ತೆ ಏರಿತು. ನೂರಾರು ಗೋಡೆಗಳ ತೇವ ಮುಚ್ಚಿದವನಿಗೆ, ತೇವವನ್ನೇ ಇಷ್ಟು ಕಷ್ಟಪಟ್ಟು ಬರೆದದ್ದು ಯಾಕೆ ಅನ್ನುವುದು ಬಗೆಹರಿಯಲಿಲ್ಲ. ಆದರೂ ಕಣ್ಣು ಕೀಳಲು ಆಗಲಿಲ್ಲ.

ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಅಂಗೈಯಿಂದ ಎಡಗಣ್ಣು ಮುಚ್ಚಿದ. ಸಂಜೆ ಬಿಸಿಲಿನ ಗೋಡೆ, ಬೆಚ್ಚಗಿತ್ತು. ಬಲಗಣ್ಣು ಮುಚ್ಚಿದ. ಮಳೆ ನಿಂತ ಮೇಲಿನ ಗೋಡೆ, ಮುಟ್ಟಿದರೆ ತಣ್ಣಗಿರುತ್ತದೆ. ಇದರಲ್ಲಿ ಆ ಪುಣ್ಯಾತ್ಮ ಬರೆದದ್ದು ಯಾವುದನ್ನು?

"ಏಯ್, ಬಾ ಇಲ್ಲಿ. ಈ ಗೋಡೆ ಯಾವ ಬಣ್ಣ?"

ಏಣಿ ಬಂದು ತಲೆ ಓರೆ ಮಾಡಿದ. "ಪಾಚಿ ಬಣ್ಣ. ನನಗೆ ಕೊಟ್ಟಿದ್ರೆ ಒಂದು ದಿನದಲ್ಲಿ ತೊಳೆದು ಪುಟ್ಟಿ ಹಾಕಿ ಪಳಪಳ ಮಾಡಿಬಿಡ್ತಿದ್ದೆ. ಒಂದು ಜಲಪಾತ ಇಲ್ಲ, ಜಿಂಕೆ ಇಲ್ಲ. ಇದನ್ನ ನೋಡೋಕೆ ಜನ ಬರ್ತಾರಾ ಭಾವ?"

ಅಷ್ಟರಲ್ಲಿ ಮೇಡಂ ದಪ್ಪನೆಯ ಪುಸ್ತಕವೊಂದನ್ನು ಎದೆಗವಚಿಕೊಂಡು ಬಂದರು. ಬೆನ್ನು ಹರಿದು ಅಂಟುಪಟ್ಟಿ ಸುತ್ತಿದ ಪುಸ್ತಕ. ನಡುವೆ ತೆರೆದು ತೋರಿಸಿದರು. ಅದೇ ಗೋಡೆ, ಅದೇ ಬಾಗಿಲು. ಆದರೆ ಬಣ್ಣ ಕಾದ ಬೆಣ್ಣೆಯ ಹಳದಿ.

"ಹದಿನೆಂಟನೇ ವಯಸ್ಸಿಂದ ಇದನ್ನ ನೋಡ್ತಾ ಇದ್ದೀನಿ ಮೇಸ್ತ್ರಿ. ಎಲ್ಲಕ್ಕಿಂತ ಇಷ್ಟದ ಚಿತ್ರ ಯಾವುದು ಅಂತ ಯಾರು ಕೇಳಿದ್ರೂ ಇದನ್ನೇ ಹೇಳ್ತಿದ್ದೆ." ಬೋರಲು ಹಾಕಿದ್ದ ಡಬ್ಬದ ಮೇಲೆ ಕೂತುಬಿಟ್ಟರು. "ನಿಜವಾದದ್ದನ್ನ ಕಣ್ಣಾರೆ ನೋಡಿದ್ದು ಇವತ್ತೇ. ಗೋಡೆ ಬಣ್ಣ ಆರಿಸಿದ್ದು ಈ ಪುಟ ನೋಡಿ."

ಮೇಸ್ತ್ರಿ ಪುಟವನ್ನೂ ಚಿತ್ರವನ್ನೂ ನೋಡಿದ. ಪುಟದ ಹಳದಿಯ ಪಕ್ಕ ಆ ಬೂದು ಒಪ್ಪುತ್ತದೆ. ಚಿತ್ರದ ಪಾಚಿ ಹಸಿರಿನ ಪಕ್ಕ, ಬೂದಿನೊಳಗೆ ಅಡಗಿದ್ದ ಎಳೆ ಕೆಂಪು ಎದ್ದು ಕೂತಿದೆ. ಅಷ್ಟು ತಿಳಿಯಿತು.

"ಇಷ್ಟು ವರ್ಷ ನಾನು ಇಷ್ಟಪಟ್ಟಿದ್ದು ಇದನ್ನಾ, ಅಲ್ಲಿರೋದನ್ನಾ? ತಲೆಯೇ ಓಡ್ತಿಲ್ಲ."

"ಅದನ್ನ ನನ್ನ ಕೇಳಬೇಡಿ ಅಮ್ಮ."

"ಬೇಡ, ಕೇಳಲ್ಲ. ಕಾರ್ಡೂ ಬೇಡ, ಪುಸ್ತಕವೂ ಬೇಡ. ಚಿತ್ರ ನೋಡಿ ನೀವೇ ಒಂದು ಬಣ್ಣ ಕಟ್ಟಿ. ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಹೋಯ್ತು. ನಿಮ್ಮ ಕಣ್ಣನ್ನ ನಂಬ್ತೀನಿ."

ಮೇಸ್ತ್ರಿ ಉಳಿದ ಬೂದು ಬಣ್ಣದ ಬಕೆಟ್ಟನ್ನು ಎಳೆದುಕೊಂಡು, ಬಣ್ಣಕ್ಕೆ ಬೆರೆಸುವ ಹಸಿರು ಸ್ಟೈನರಿನ ಮುಚ್ಚಳ ತೆಗೆದ. ಗುಲಾಬಿಯನ್ನು ಕೊಲ್ಲುವುದು ಹಸಿರು. ಅದು ಕೈಗೆ ಗೊತ್ತು. ಎಷ್ಟು ಅನ್ನುವುದು ಕಣ್ಣಿಗೆ ಗೊತ್ತಿರಬೇಕು. ನಾಲ್ಕು ಹನಿ ಬಿಟ್ಟು ಕೋಲಿನಿಂದ ತಿರುವಿ, ಅಂಗೈಯಗಲದ ರಟ್ಟಿಗೆ ಬಳಿದು ಚಿತ್ರದ ಪಕ್ಕ ಹಿಡಿದ. ಒಂದು ಕಣ್ಣಿಗೆ ಹಸಿರು ಜಾಸ್ತಿಯಾಗಿತ್ತು. ಇನ್ನೊಂದಕ್ಕೆ ಗುಲಾಬಿ ಇನ್ನೂ ಹೋಗಿರಲಿಲ್ಲ. ಎರಡು ಹನಿ ಬಿಟ್ಟ. ಮತ್ತೆ ಹಿಡಿದ. ರಟ್ಟನ್ನು ಕೆಳಗಿಳಿಸಿದ.

"ಏಯ್," ಅಂದ ಮೆಲ್ಲಗೆ. "ನೀನು ನೋಡಿ ಹೇಳು, ಎಲ್ಲಿಗೆ ಸಾಕು ಅಂತ."

"ನಾನಾ?" ಏಣಿ ನಕ್ಕ. "ಇಪ್ಪತ್ತು ವರ್ಷ ರೋಲರ್ ಎಳೆದವನು ನಾನು. ನಮ್ಮ ಮನೆ ಬಾಗಿಲಿಗೆ ನಾನೇ ಬಣ್ಣ ಆರಿಸಿದ್ದಕ್ಕೆ ನೀವು ಒಂದು ವರ್ಷ ಆ ಬೀದಿಗೇ ಬರಲಿಲ್ಲ."

"ನನಗೆ ಕಾಣ್ತಿಲ್ಲ ಕಣೋ."

ಏಣಿಯ ನಗು ಅರ್ಧಕ್ಕೆ ನಿಂತಿತು.

"ಕಾಣುತ್ತೆ. ಒಂದೊಂದು ಕಣ್ಣಿಗೆ ಒಂದೊಂದು ಬಣ್ಣ ಕಾಣುತ್ತೆ. ಯಾವುದು ಸರಿ ಅಂತ ಗೊತ್ತಾಗ್ತಿಲ್ಲ. ಪೊರೆ ತೆಗೆಸಿದಾಗಿಂದ ಹೀಗೇ."

"ಅಕ್ಕಂಗೆ ಗೊತ್ತಾ?"

"ಇಲ್ಲ."

ಏಣಿ ಡಬ್ಬದ ಮೇಲೆ ಕೂತಿದ್ದ ಮೇಡಂ ಕಡೆ ತಿರುಗಿದ. ಅವರಿಗೆ ಕೇಳಿಸಿತ್ತು. ಅವರು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು, ಮೇಲೇಳಲಿಲ್ಲ. "ಅವರು ಹೇಳಲಿ ಮೇಸ್ತ್ರಿ," ಅಂದರು ಏಣಿಯ ಕಡೆ ಕೈ ತೋರಿಸಿ. "ನಾನೂ ನೋಡ್ತೀನಿ."

ಏಣಿ ಕೈಯನ್ನು ಅಂಗಿಗೆ ಒರೆಸಿಕೊಂಡು ರಟ್ಟು ತೆಗೆದುಕೊಂಡ. ಚಿತ್ರದ ಪಕ್ಕ ಹಿಡಿದು ನೋಡಿದ. ಹಿಂದೆ ಬಂದು ನೋಡಿದ. ಜೀವಮಾನದಲ್ಲಿ ಅಷ್ಟು ಹೊತ್ತು ಅವನು ಬಾಯಿ ಮುಚ್ಚಿ ನಿಂತದ್ದನ್ನು ಮೇಸ್ತ್ರಿ ಕಂಡಿರಲಿಲ್ಲ.

"ಇನ್ನೊಂದು ಹನಿ," ಅಂದ. ಮೇಸ್ತ್ರಿ ಬಿಟ್ಟ. "ಇನ್ನೊಂದು... ತಡೀರಿ. ಅರ್ಧ." ಆಮೇಲೆ ಹೆದರಿಕೊಂಡು ತಿರುಗಿದ. "ಸಾಕಾ ಭಾವ?"

"ನನ್ನ ಕೇಳಬೇಡ. ನೀನು ಹೇಳು."

ಹಸಿರಿನ ಎಳೆ ಬೂದಿನ ಮೇಲೆ ಸುತ್ತು ಸುತ್ತಾಗಿ ಬಿಚ್ಚಿಕೊಳ್ಳುತ್ತಿತ್ತು. ಮೇಸ್ತ್ರಿ ಬಕೆಟ್ಟಿನ ಕಡೆ ನೋಡಲಿಲ್ಲ. ಭಾವಮೈದನ ಮುಖವನ್ನೇ ನೋಡುತ್ತಾ ಕೋಲು ತಿರುವುತ್ತಿದ್ದ.