ನೆರಳಲ್ಲಿ ಒಣಗುವ ಸೊಪ್ಪು

ಬುಟ್ಟಿಯೊಳಗೆ ಕುಡುಗೋಲು ಹಾಕಿಕೊಂಡು ಹಿಂಬಾಗಿಲು ದಾಟುತ್ತಿದ್ದ ಮಗಳಿಗೆ ಸೋದರತ್ತೆ ಅಡ್ಡ ನಿಂತಳು.

“ಎಲ್ಲಿಗೇ? ಒಳಗೆ ನಿಮ್ಮಪ್ಪನ ಹೆಣ ಇದೆ, ಎಚ್ಚರ ಇದೆಯಾ?”

“ಸೊಪ್ಪು ಕೊಯ್ಯೋಕೆ ಅತ್ತೆ. ಮೊಗ್ಗು ಬಿರಿಯೋ ಹಾಗಿವೆ. ಹೂವಾದ ಮೇಲೆ ಕೊಯ್ದ್ರೆ ಅದರಲ್ಲಿ ಏನೂ ಇರಲ್ಲ.”

“ನಾಳೆ ಕೊಯ್ದ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?”

“ಅಪ್ಪನ ಗಂಟೇ ಹೋಗೋದು,” ಎಂದು ಮಗಳು ನಡೆದೇಬಿಟ್ಟಳು.

ಗಿಡಮೂಲಿಕೆ ಮಾರಿ ಬದುಕಿದ ಅಪ್ಪನನ್ನು ಊರೆಲ್ಲ ಕಹಿಯಣ್ಣ ಎನ್ನುತ್ತಿತ್ತು. ಮನೆಯಲ್ಲಿ ಬಿಸಿಲು ಬೀಳದ ಕೋಣೆ ಒಂದೇ, ಅವನು ಸೊಪ್ಪು ಒಣಗಿಸುತ್ತಿದ್ದ ಕೋಣೆ. ತಂಪಾಗಿದೆಯೆಂದು ಅವನನ್ನೂ ಅಲ್ಲೇ ಹಲಗೆಯ ಮೇಲೆ ಮಲಗಿಸಿದ್ದರು.

ಎರಡು ಬುಟ್ಟಿ ತುಂಬಿಸಿಕೊಂಡು ಬಂದವಳು ಸೊಪ್ಪಿನೊಳಗೆ ಕೈಯಿಟ್ಟು ನೋಡಿದಳು. ಆಗಲೇ ಕಾವು ಹಿಡಿಯುತ್ತಿತ್ತು; ಬೇಗ ಹರವದಿದ್ದರೆ ಕೊಳೆಯುತ್ತಿತ್ತು.

“ನಿಮ್ಮ ಚಿಕ್ಕಪ್ಪನ ಬಸ್ಸು ಕೆಟ್ಟು ನಿಂತಿದೆಯಂತೆ,” ಎಂದ ಪಕ್ಕದ ಮನೆಯ ಬಡಗಿ. “ಅವನು ಬರೋವರೆಗೆ ಹೆಣ ಎತ್ತೋ ಹಾಗಿಲ್ಲ. ಅಂಗಳದಲ್ಲಿ ಹರವಮ್ಮ, ಒಳ್ಳೇ ಬಿಸಿಲಿದೆ.”

ಬಿಸಿಲು ಎಂದೊಡನೆ ಅವಳ ಕೈ ನಿಂತಿತು.

*

ಹೋದ ವರ್ಷ ಅಪ್ಪನ ಜೊತೆ ಅವಳೂ ಪ್ರಯೋಗಾಲಯಕ್ಕೆ ಹೋಗಿದ್ದಳು.

“ಮೊದಲ ಸಲದ ಸೊಪ್ಪಿನ ಸಾರ ಮಲೇರಿಯಾ ರೋಗಾಣು ಬೆಳೆಯೋದನ್ನ ತಡೆದಿತ್ತು ಯಜಮಾನ್ರೇ,” ಎಂದಿದ್ದಳು ಅಲ್ಲಿನ ಸಂಶೋಧಕಿ. “ಈ ಸಲದ್ದು ಏನೂ ಮಾಡ್ಲಿಲ್ಲ. ಇನ್ನೊಂದೇ ಸಲ ನೋಡ್ತೀವಿ. ಆಮೇಲೆ ಈ ಗಿಡ ಬಿಟ್ಟುಬಿಡ್ತೀವಿ.”

“ತಪ್ಪು ಗಿಡದ್ದಲ್ಲ ತಾಯಿ, ನಂದು. ಮಳೆ ಬರುತ್ತೇಂತ ಅವಸರಕ್ಕೆ ಬಿಸಿಲಲ್ಲಿ ಒಣಗಿಸಿಬಿಟ್ಟೆ.”

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ತಡೆಯಲಾರದೆ ಕೇಳಿದ್ದಳು: “ಅಮ್ಮನ ಚಳಿಜ್ವರಕ್ಕೂ ಇದನ್ನೇ ಕೊಟ್ಟಿದ್ಯಲ್ಲಪ್ಪ?”

ಅಪ್ಪ ಖಾಲಿ ಚೀಲವನ್ನು ಮಡಚುತ್ತ ಹೇಳಿದ್ದ:

“ಕೊಟ್ಟೆ. ಎಷ್ಟು ಕೊಡಬೇಕು ಅಂತ ಗೊತ್ತಿರಲಿಲ್ಲ, ಉಳಿಸ್ಕೊಳ್ಳೋಕೆ ಆಗ್ಲಿಲ್ಲ. ಇವರಾದ್ರೂ ಅಳೆದು ಹೇಳಲಿ.”

*

ಅವಳು ಬುಟ್ಟಿಯನ್ನು ಕೋಣೆಯೊಳಕ್ಕೇ ಎಳೆದು ತಂದು, ಅಪ್ಪನ ಕಾಲ ಬಳಿ ಕೂತು, ಎಲೆಗಳನ್ನು ನೆಲದ ಮೇಲೆ ಹರವತೊಡಗಿದಳು. ಗೋಡೆಗೊರಗಿ ಕೂತವರು ಗೊಣಗುತ್ತ ಕಾಲು ಮಡಚಿಕೊಂಡರು.

“ಬಿಡಿ,” ಎಂದ ಬಡಗಿ. “ಅವನು ಎದ್ದಿದ್ರೆ ನಮ್ಮನ್ನೆಲ್ಲ ಆಚೆ ಅಟ್ಟಿ ಹರವ್ತಿದ್ದ.”

ಒಂದಿಬ್ಬರು ನಕ್ಕರು. ಅತ್ತೆ ಮಾತ್ರ ಮುಖ ತಿರುಗಿಸಿಕೊಂಡಳು. ಒಂದು ಬುಟ್ಟಿಗೇ ನೆಲ ತುಂಬಿತು. ಇನ್ನೊಂದನ್ನು ಸಡಿಲಿಸಿ, ಕೈಯಾಡಿಸುತ್ತ ಅವಳು ಬಾಗಿಲ ಬಳಿಯೇ ಕಾದಳು.

ಚಿಕ್ಕಪ್ಪ ಬಂದಾಗ ಹೊತ್ತು ಇಳಿಯುತ್ತಿತ್ತು. ಹಲಗೆ ಎತ್ತಿದವರು ಬೆರಳ ತುದಿಯ ಮೇಲೆ, ಎಲೆ ತುಳಿಯದಂತೆ ಹೆಜ್ಜೆ ಹುಡುಕುತ್ತ ಹೊರಬಂದರು.

ಮಣ್ಣು ಮಾಡಿ ಹಿಂತಿರುಗಿದಾಗ ಕೋಣೆಯ ಬಾಗಿಲು ತೆರೆದಿತ್ತು. ಹಸಿರು ಸೊಪ್ಪಿನ ನಡುವೆ ಒಬ್ಬ ಮನುಷ್ಯನಷ್ಟು ಉದ್ದದ ನೆಲ ಬರಿದಾಗಿ ಉಳಿದಿತ್ತು. ಮಗಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಅತ್ತೆ ಅವಳನ್ನು ದಾಟಿ ಒಳಗೆ ಹೋದಳು. ಎರಡನೆಯ ಬುಟ್ಟಿಯನ್ನು ಹತ್ತಿರಕ್ಕೆಳೆದುಕೊಂಡು, ಮಂಡಿಯೂರಿದಳು.

“ಒಂದರ ಮೇಲೊಂದು ಬೀಳಬಾರದು, ಅಲ್ವೇನೇ?” ಎನ್ನುತ್ತ, ಅಣ್ಣನ ತಲೆಯಿದ್ದ ಕಡೆಯಿಂದ ಶುರುಮಾಡಿದಳು.